ಅಂಗೈಯಗಲದ ಮುಖ, ಆನೆಯ ದಂತ

ನಿಮ್ಮ ಫೋನಿನ ವಾಲ್‌ಪೇಪರ್‌ನಲ್ಲಿ ಯಾರಿದ್ದಾರೆ? ಅಮ್ಮನಾ, ಮಗುವಾ, ಮನೇಲಿ ಇನ್ನೂ ಹೇಳಿಲ್ಲದವರಾ? ಹದಿನೆಂಟನೇ ಶತಮಾನದಲ್ಲೂ ಜನ ಹೀಗೇ ಪ್ರೀತಿಯ ಮುಖವನ್ನು ಜೊತೆಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಆ ಮುಖ ಮೂಡುತ್ತಿದ್ದದ್ದು ಮಾತ್ರ ಆನೆಯ ದಂತದ ಮೇಲೆ.

ಅದಕ್ಕೂ ಮೊದಲು ಯುರೋಪಿನಲ್ಲಿ ಇಂಥ ಪುಟ್ಟ ಭಾವಚಿತ್ರಗಳನ್ನು ಹದ ಮಾಡಿದ ಕರುವಿನ ಚರ್ಮದ ಮೇಲೆ ಬರೆಯುತ್ತಿದ್ದರು. 1700ರ ಸುಮಾರಿಗೆ ವೆನಿಸ್‌ನ ಕಲಾವಿದೆ ರೊಸಾಲ್ಬಾ ಕರಿಯೆರಾ ದಂತದ ಮೇಲೆ ಬರೆಯತೊಡಗಿದಳು. ಅದೇನೂ ಸುಲಭದ ಕೆಲಸವಲ್ಲ. ದಂತ ನುಣುಪು, ಜಿಡ್ಡು ಬೇರೆ; ನೀರಿನ ಬಣ್ಣ ಜಾರಿಬಿಡುತ್ತದೆ. ಅದಕ್ಕೇ ದಂತವನ್ನು ತೆಳ್ಳಗೆ ಸೀಳಿ, ಬಿಸಿಲಿಗಿಟ್ಟು ಬಿಳುಪಾಗಿಸಿ, ಉಜ್ಜಿ ಹದಗೊಳಿಸುತ್ತಿದ್ದರು. ಆಮೇಲೆ ಗೋಂದು ಬೆರೆಸಿದ ಬಣ್ಣದಲ್ಲಿ ಚುಕ್ಕಿ ಚುಕ್ಕಿಯಾಗಿ ಬರೆಯುವುದು. ಕೆನ್ನೆ, ಹಣೆಯ ಮೇಲೆ ಬಣ್ಣ ತೀರಾ ತೆಳು. ಕೆಳಗಿನ ದಂತದ ಹೊಳಪೇ ಚರ್ಮದ ಕಾಂತಿಯಾಗಿ ಕಾಣುತ್ತಿತ್ತು.

ಈ ಕಲೆ ನಮ್ಮ ಪಕ್ಕದ ಮದ್ರಾಸಿಗೂ ಬಂತು. ಇಂಗ್ಲೆಂಡಿನ ಜಾನ್ ಸ್ಮಾರ್ಟ್ 1785ರಿಂದ 1795ರವರೆಗೆ ಅಲ್ಲೇ ಇದ್ದ. ಆರ್ಕಾಟಿನ ನವಾಬ ಮಹಮ್ಮದ್ ಅಲಿಯನ್ನೂ ಕಂಪನಿಯ ಅಧಿಕಾರಿಗಳನ್ನೂ ಚಿತ್ರಿಸಿದ. ಇಂಡಿಯಾದಲ್ಲಿ ಬರೆದದ್ದು ಎಂದು ತಿಳಿಯಲು ಸಹಿಯ ಜೊತೆ ‘ಐ’ ಅಕ್ಷರ ಸೇರಿಸುತ್ತಿದ್ದ. ಟಿಪ್ಪು ವಿರುದ್ಧದ ಮೂರನೇ ಮೈಸೂರು ಯುದ್ಧ (1790–92) ನಡೆದದ್ದೂ ಅದೇ ಕಾಲದಲ್ಲಿ. ಊರಿಗೊಂದು ಕಾಗದ ತಲುಪಲು ತಿಂಗಳುಗಟ್ಟಲೆ ಹಡಗು ಸಾಗಬೇಕಿದ್ದ ದಿನಗಳವು. ದೂರದಲ್ಲಿರುವವರ ಮುಖ ಅಂತ ಮನೆಯವರ ಕೈಗೆ ಸಿಗುತ್ತಿದ್ದದ್ದು ಇಂಥದೊಂದು ಚಿತ್ರ. ಕೆಲವುದರ ಹಿಂಬದಿಯಲ್ಲಿ ಗಾಜಿನಡಿ ಅವರದೇ ತಲೆಗೂದಲ ಎಳೆ.

ಇದನ್ನೆಲ್ಲ ಓದುವಾಗ ನಮ್ಮ ಎಮ್ಮೆದೊಡ್ಡಿ ಕಡೆಯವರಿಗೆ ಇನ್ನೊಂದು ಯೋಚನೆಯೂ ಬರುತ್ತೆ. ನಮ್ಮದು ಕಾಡಂಚಿನ ಸೀಮೆ, ಭದ್ರಾ ಅಭಯಾರಣ್ಯ ದೂರವೇನಿಲ್ಲ. ಆನೆ ಅಂದ್ರೆ ನಮಗೆ ಭಯವೂ ಹೌದು, ಭಕ್ತಿಯೂ ಹೌದು. ಮಿಕ್ಕೆಲ್ಲ ಸರಿ, ಆ ಕೆನ್ನೆಗಳಿಗೆ ಹೊಳಪು ಕೊಟ್ಟ ಆನೆಗಳ ಲೆಕ್ಕ ಇಟ್ಟವರು ಯಾರು?

1839ರಲ್ಲಿ ಫೋಟೋಗ್ರಫಿ ಬಂದ ಮೇಲೆ ಈ ಕಸುಬು ಮೆಲ್ಲಗೆ ಸೊರಗಿತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆಗೆ 1986ರಲ್ಲಿ ತಂದ ತಿದ್ದುಪಡಿಯಿಂದ ಭಾರತದ ಆನೆದಂತದ ವ್ಯಾಪಾರವೇ ನಿಷೇಧವಾಯಿತು. ಒಳ್ಳೆಯದೇ ಆಯ್ತು ಅಂತೀನಿ ನಾನು.

ಹಳೆಯ ಚಿತ್ರಗಳನ್ನು ನೋಡೋಕೆ ಅಡ್ಡಿಯಿಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಜಾಲತಾಣದಲ್ಲಿ ಸ್ಮಾರ್ಟ್‌ನ ಚಿತ್ರಗಳಿವೆ. ಫೋನಿನಲ್ಲೇ ಹಿಗ್ಗಿಸಿ, ಕೆನ್ನೆಯ ಹತ್ತಿರ ನೋಡಿ. ಅಲ್ಲಿ ಬಣ್ಣಕ್ಕಿಂತ ಹೆಚ್ಚು ಕಾಣೋದು ದಂತವೇ.