ಗಣಕಯಂತ್ರದ ಒಡೆಯರೂ ನಮ್ಮ ಅಕ್ಷರವೂ

ಅಧ್ಯಾಪಕರ ಕೊಠಡಿಯಲ್ಲಿ ವಿರಾಮದ ವೇಳೆ ನಡೆಯುವ ಸಂಭಾಷಣೆಯ ವಿಷಯಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಮಳೆ, ಬೆಳೆ, ವೇತನ, ಚುನಾವಣೆಗಳ ಸಾಲಿಗೆ ಈಗ ಗಣಕಯಂತ್ರವೂ ಸೇರಿಕೊಂಡಿದೆ. “ಈ ದೊಡ್ಡ ಕಂಪನಿಗಳದು ಶುದ್ಧ ಸುಲಿಗೆ” ಎಂದು ಒಬ್ಬರು ನುಡಿದರೆ, “ಒಳ್ಳೆಯದಾಗಿರುವುದರಿಂದಲೇ ಲೋಕವೆಲ್ಲ ಅದನ್ನು ಬಳಸುತ್ತಿದೆ, ನಮಗೇಕೆ ಹೊಟ್ಟೆಕಿಚ್ಚು” ಎಂದು ಮತ್ತೊಬ್ಬರು ಉತ್ತರಿಸುತ್ತಾರೆ. “ಬಹಳ ಜನ ಬಳಸುವ ಯಂತ್ರಕ್ಕೇ ವೈರಸ್ಸು ಬರುವುದು” ಎಂಬುದು ಮೂರನೆಯವರ ಸಿದ್ಧಾಂತ. ಅಷ್ಟರಲ್ಲಿ ಪಾಲಕರೊಬ್ಬರು ಬಾಗಿಲಲ್ಲಿ ನಿಂತು, “ಗುರುಗಳೆ, ಹುಡುಗ ಮೊಬೈಲಿನ ಆಟ ಬಿಡವಲ್ಲ, ಏನ್ ಮಾಡೂದ್ರಿ?” ಎಂದು ಕೇಳುತ್ತಾರೆ. ಗಂಟೆ ಬಾರಿಸುತ್ತದೆ, ಯಾವ ಮಾತೂ ತೀರ್ಮಾನಕ್ಕೆ ಬರುವುದಿಲ್ಲ.

ಈ ಸಂಚಿಕೆಗೆ ಷಟ್ಪದಿಯ ಲಕ್ಷಣವನ್ನು ಕುರಿತು ಬರೆಯಬೇಕೆಂದು ನನಗೆ ಅಪ್ಪಣೆಯಾಗಿದ್ದಿತು. ವ್ಯಾಕರಣ ಛಂದಸ್ಸುಗಳನ್ನು ಓದಿದವನಿಗೆ ಅದೇ ಯುಕ್ತವಾದ ಕಾರ್ಯವೂ ಹೌದು. ಆದರೂ ಅದನ್ನು ಬದಿಗಿಟ್ಟು ಮೇಲಿನ ಮಾತುಗಳನ್ನೇ ವಿಚಾರಿಸಲು ಹೊರಟಿರುವುದಕ್ಕೆ ಒಂದು ಸ್ವಂತ ಕಾರಣವುಂಟು. 2003ರ ಸುಮಾರಿಗೆ ನಾನು ದೇವಾಪುರ, ಸುರಪುರ, ಶಹಾಪುರಗಳ ಸುತ್ತಿನ ಹಳ್ಳಿಗಳಲ್ಲಿ ಸಂಚರಿಸಿ ಒಕ್ಕಲುತನದ ಪದಗಳನ್ನು ಸಂಗ್ರಹಿಸಿದ್ದೆನು. ಕೂರಿಗೆ, ಕುಂಟೆ, ನೊಗ, ಮಿಣಿ, ಜತಿಗೆಗಳಂಥ ಬಲ್ಲ ಪದಗಳೊಡನೆ, ಯಾವ ನಿಘಂಟಿನಲ್ಲಿಯೂ ಕಾಣದ ನೂರಾರು ಪದಗಳು ಅದರಲ್ಲಿದ್ದವು. ಅವನ್ನು ಹೇಳಿದ ಹಿರಿಯರಲ್ಲಿ ಬಹುಮಂದಿ ಈಗ ಇಲ್ಲ. ಅಂದಿನ ಗುಲ್ಬರ್ಗದ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಆ ಸಂಗ್ರಹವನ್ನು ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿಸಿದೆನು. ಮುದ್ರಣಕ್ಕೆ ಹಣ ಒದಗಲಿಲ್ಲ. ಹಸ್ತಪ್ರತಿ ಒಂದು ಮಳೆಗಾಲದಲ್ಲಿ ನೆನೆದು ನಾಶವಾಯಿತು. ಕಡತವು ಮಾತ್ರ ಒಂದು ತಟ್ಟೆಯಲ್ಲಿ ಭದ್ರವಾಗಿ ಉಳಿದಿತ್ತು. ಅನೇಕ ವರ್ಷಗಳ ಮೇಲೆ ಅದನ್ನು ತೆರೆಯಿಸಿ ನೋಡಿದಾಗ ಕನ್ನಡದ ಒಂದು ಅಕ್ಷರವೂ ಕಾಣಲಿಲ್ಲ. ರೋಮನ್ ಅಕ್ಷರಗಳೂ, ತಲೆಯ ಮೇಲೆ ಚುಕ್ಕೆ ಗೆರೆಗಳನ್ನು ಹೊತ್ತ ವಿಚಿತ್ರ ಚಿಹ್ನೆಗಳೂ ಪುಟಪುಟಗಳನ್ನು ತುಂಬಿದ್ದವು. ಅಂಗಡಿ ಮುಚ್ಚಿಹೋಗಿತ್ತು. ಯಾವ ತಂತ್ರಾಂಶದಲ್ಲಿ ಅಚ್ಚು ಮಾಡಿದರೆಂದು ಹೇಳುವವರಿರಲಿಲ್ಲ. ಕಡತವಿದೆ, ಪದಗಳಿಲ್ಲ! ಇದು ಹೇಗಾಯಿತೆಂಬುದನ್ನು ತಿಳಿಯಹೊರಟಾಗಲೇ ಕೊಠಡಿಯ ಆ ಮಾತುಗಳ ಅರ್ಥವೂ ನನಗೆ ಕೊಂಚ ತಿಳಿಯತೊಡಗಿತು.

ಮೊದಲು ಪ್ರಾಬಲ್ಯದ ವಿಚಾರ. ಒಂದು ಸಂತೆಗೆ ಜನರು ಏಕೆ ಹೋಗುತ್ತಾರೆ? ಅಲ್ಲಿ ಮಾರುವವರು ಬಹಳವಿರುವುದರಿಂದ. ಮಾರುವವರು ಏಕೆ ಬರುತ್ತಾರೆ? ಕೊಳ್ಳುವವರು ಬಹಳವಿರುವುದರಿಂದ. ಪಕ್ಕದ ಊರಿನಲ್ಲಿ ಇದಕ್ಕಿಂತ ವಿಶಾಲವಾದ, ನೆರಳುಳ್ಳ ಸ್ಥಳವಿದ್ದರೂ ಅಲ್ಲಿ ಹೊಸ ಸಂತೆ ಕೂಡುವುದು ಸುಲಭವಲ್ಲ. ಗಣಕಯಂತ್ರದ ಮೂಲ ತಂತ್ರಾಂಶವೂ, ಎಂದರೆ ಯಂತ್ರವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಯೂ, ಇಂಥದೊಂದು ಸಂತೆಯ ಬಯಲು. ಬರೆಯುವ, ಲೆಕ್ಕ ಮಾಡುವ, ಆಡುವ ಬೇರೆ ಬೇರೆ ತಂತ್ರಾಂಶಗಳು ಅದರ ಮೇಲೆ ಹೂಡಿದ ಅಂಗಡಿಗಳು. ಬಯಲಿನ ಒಡೆಯನು ಒಳ್ಳೆಯವನೋ ಕೆಟ್ಟವನೋ ಎಂಬುದು ಎರಡನೆಯ ಪ್ರಶ್ನೆ. ಇತರರೆಲ್ಲರೂ ಅಲ್ಲಿ ಸೇರಿದ್ದಾರೆಂಬುದೇ ಅವನ ನಿಜವಾದ ಬಂಡವಾಳ. ಆದಕಾರಣ ಸುಲಿಗೆ ಎಂದವರ ಮಾತೂ, ಗುಣ ಎಂದವರ ಮಾತೂ ಅರ್ಧ ಸತ್ಯವೇ ಸರಿ.

1975ರಲ್ಲಿ ಅಮೆರಿಕದಲ್ಲಿ ಆರಂಭವಾದ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎಂಬ ತನ್ನ ವ್ಯವಸ್ಥೆಯ ಮೂಲಕ ಈ ಬಯಲಿನ ಒಡೆತನವನ್ನು ಪಡೆಯಿತು. ಒಡೆಯನು ಬಾಡಿಗೆಯನ್ನು ಪಡೆದು ಸುಮ್ಮನಿದ್ದರೆ ವ್ಯಾಜ್ಯವಿಲ್ಲ. ತಾನೂ ಅಂಗಡಿಯಿಟ್ಟು ಅದನ್ನು ಹೆಬ್ಬಾಗಿಲಲ್ಲೇ ನಿಲ್ಲಿಸಿದರೆ ಉಳಿದ ವರ್ತಕರ ಗತಿಯೇನು? ಜಾಲವೀಕ್ಷಣೆಯ ತನ್ನ ತಂತ್ರಾಂಶವನ್ನು ವಿಂಡೋಸಿನೊಡನೆ ಬೆಸೆದುದಕ್ಕಾಗಿ ಆ ಸಂಸ್ಥೆಯ ಮೇಲೆ ಅಮೆರಿಕದ ಸರ್ಕಾರವೇ 1998ರಲ್ಲಿ ಮೊಕದ್ದಮೆ ಹೂಡಿತು. ಸಂಸ್ಥೆಯನ್ನು ಎರಡಾಗಿ ಒಡೆಯಬೇಕೆಂದು 2000ದಲ್ಲಿ ಆಜ್ಞೆಯಾಯಿತು. 2001ರಲ್ಲಿ ಮೇಲಿನ ನ್ಯಾಯಾಲಯವು ಆ ಆಜ್ಞೆಯನ್ನು ತಳ್ಳಿಹಾಕಿತಾದರೂ ಏಕಸ್ವಾಮ್ಯವನ್ನು ಅಕ್ರಮವಾಗಿ ಕಾಪಾಡಿಕೊಂಡಿದೆ ಎಂಬ ನಿರ್ಣಯವನ್ನು ಉಳಿಸಿಕೊಂಡಿತು. ನಮ್ಮ ದೇಶದಲ್ಲಿ ಇದಕ್ಕೆ ಸಮಾನವಾದುದು ಗೂಗಲ್ ಸಂಸ್ಥೆಯ ಪ್ರಕರಣ. ಆಂಡ್ರಾಯ್ಡ್ ದೂರವಾಣಿಗಳಲ್ಲಿ ತನ್ನ ತಂತ್ರಾಂಶಗಳನ್ನು ಕಡ್ಡಾಯವಾಗಿ ತುಂಬಿಸಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಆ ಸಂಸ್ಥೆಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿಯಿತು.

ಇವು ದೊಡ್ಡವರ ವ್ಯಾಜ್ಯಗಳು. ನನ್ನ ಪದಸಂಗ್ರಹವು ಹಾಳಾದುದು ದೊಡ್ಡ ಸಂಸ್ಥೆಯಿಂದಲ್ಲ, ಒಂದೇ ನಿಯಮಕ್ಕೆ ಒಳಪಡದ ಹಲವು ಸಣ್ಣ ಸಂಸ್ಥೆಗಳಿಂದ ಎಂದರೆ ವಾಚಕರಿಗೆ ಸೋಜಿಗವೆನಿಸೀತು. ಯಂತ್ರಕ್ಕೆ ಅಕ್ಷರವು ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಪ್ರತಿಯೊಂದು ಅಕ್ಷರಕ್ಕೂ ಒಂದು ಅಂಕಿಯನ್ನು ನಿಯಮಿಸಿಕೊಳ್ಳಬೇಕು. ಹಳೆಯ ಪದ್ಧತಿಯಲ್ಲಿ ಹೆಚ್ಚೆಂದರೆ 256 ಮನೆಗಳು. ಅವುಗಳಲ್ಲಿ ಅರ್ಧವನ್ನು ರೋಮನ್ ಲಿಪಿಯು ಆಗಲೇ ಆಕ್ರಮಿಸಿತ್ತು. ನಮ್ಮ ಕಾಗುಣಿತ, ಒತ್ತಕ್ಷರಗಳಿಗೆ ಆ ಮನೆಗಳು ಸಾಲದೆ, ಅಕ್ಷರಗಳನ್ನು ತಲೆಕಟ್ಟು, ಗುಡಿಸು, ಕೊಂಬು, ದೀರ್ಘ ಎಂದು ತುಂಡರಿಸಿ ರೋಮನ್ ಅಕ್ಷರಗಳ ಮನೆಗಳಲ್ಲಿಯೇ ಕನ್ನಡದ ತುಂಡುಗಳನ್ನು ಕೂರಿಸಿದರು. ಯಾವ ತುಂಡು ಯಾವ ಮನೆಯಲ್ಲಿ ಎಂಬುದು ತಯಾರಕರ ಇಚ್ಛೆ. ಒಬ್ಬರ ತಂತ್ರಾಂಶದಲ್ಲಿ ಬರೆದುದು ಇನ್ನೊಬ್ಬರದರಲ್ಲಿ ಓದಲಾಗದು. ಒಂದು ಸಂಸ್ಥೆಯದನ್ನು ಕೊಂಡವನು ಕೊನೆಯವರೆಗೂ ಅದರ ಋಣದಲ್ಲಿಯೇ ಇರಬೇಕು. ಸಣ್ಣವರೂ ತಮ್ಮ ತಮ್ಮ ಬೇಲಿಯೊಳಗೆ ದೊಡ್ಡವರಂತೆಯೇ ನಡೆದುಕೊಂಡರು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಪರಿಹಾರವನ್ನು ಹುಡುಕಿದವರು ನಮ್ಮಲ್ಲಿಯೂ ಇದ್ದರು. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಕನ್ನಡದ ವರ್ಣಮಾಲೆಯ ತರ್ಕವನ್ನೇ ಆಧಾರವಾಗಿಟ್ಟುಕೊಂಡು ಕೀಲಿಮಣೆಯ ವಿನ್ಯಾಸವನ್ನು ರಚಿಸಿದರು. ವ್ಯಂಜನದ ಮೇಲೆ ಸ್ವರವನ್ನು ಒತ್ತಿದರೆ ಕಾಗುಣಿತವು ತಾನಾಗಿ ಮೂಡುವ ಈ ಕ್ರಮವು ಸಂಧಿಕಾರ್ಯವನ್ನು ಓದಿದವರಿಗೆ ಅತ್ಯಂತ ಸಹಜವಾದುದು. ಅವರು ಅದನ್ನು ತಮ್ಮ ಸೊತ್ತೆಂದು ಕಟ್ಟಿಡಲಿಲ್ಲ. ರಾಜ್ಯ ಸರ್ಕಾರವು ಅದನ್ನೇ ಶಿಷ್ಟವಿನ್ಯಾಸವಾಗಿ ಅಂಗೀಕರಿಸಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವು ಉಚಿತವಾಗಿ ದೊರೆಯತೊಡಗಿ ಮನೆಮನೆಯನ್ನು ಸೇರಿತು. ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯು ಕಚೇರಿಗಳನ್ನು ಸೇರಿತು.

ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಸಂಕೇತಕ್ರಮವನ್ನು ಭಾರತ ಸರ್ಕಾರವೂ 1991ರಲ್ಲಿ ಶಿಷ್ಟಗೊಳಿಸಿತ್ತು. ಆದರೆ ಅದನ್ನು ಪಾಲಿಸಿದವರು ವಿರಳ. ಅದೇ ಕ್ರಮದ ಹಿಂದಿನ ರೂಪವನ್ನು ಆಧರಿಸಿ ಅಮೆರಿಕದ ಯೂನಿಕೋಡ್ ಒಕ್ಕೂಟವು ಜಗತ್ತಿನ ಲಿಪಿಗಳ ಜೊತೆಗೆ ಕನ್ನಡಕ್ಕೂ 128 ಮನೆಗಳ ಒಂದು ಓಣಿಯನ್ನು ಕೊಟ್ಟಿತು. ಇಲ್ಲಿ ಅಕ್ಷರವನ್ನು ತುಂಡರಿಸುವಂತಿಲ್ಲ. ಕಕಾರ, ವಿರಾಮ, ಷಕಾರ ಎಂದು ಉಚ್ಚಾರಕ್ರಮದಲ್ಲಿ ಬರೆದರೆ ‘ಕ್ಷ’ ಎಂದು ತೋರಿಸುವುದು ಯಂತ್ರದ ಹೊಣೆ. ಆದರೂ ಈ ಶಿಷ್ಟತೆಯು ನಮ್ಮ ಬರವಣಿಗೆಗೆ ಒದಗಿದ್ದು ಯಾವಾಗ? 2001ರಲ್ಲಿ ಮೈಕ್ರೋಸಾಫ್ಟಿನವರು ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಅಕ್ಷರರೂಪದೊಡನೆ ಕನ್ನಡವನ್ನು ಸೇರಿಸಿದ ಮೇಲೆ. ಅದಕ್ಕೂ ಹಿಂದಿನ ಆವೃತ್ತಿಯಲ್ಲಿ ಹಿಂದಿ, ತಮಿಳುಗಳಿದ್ದವು, ನಾವಿರಲಿಲ್ಲ. ಬಯಲಿನ ಒಡೆಯನು ಒಪ್ಪಿದ ದಿನವೇ ನಮ್ಮ ಲಿಪಿಗೆ ಪ್ರವೇಶ ದೊರೆತಂತಾಯಿತು. ಇದರಿಂದ ಲಾಭವಾಗಲಿಲ್ಲವೆಂದು ಹೇಳಲಾರೆನು. ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೆ ಮಿಕ್ಕ ವಚನಗಳ ನಡುವೆ ಯಾವುದೇ ಪದವನ್ನು ಕ್ಷಣಾರ್ಧದಲ್ಲಿ ಹುಡುಕುವುದು ಇಂದು ಸಾಧ್ಯವಾಗಿರುವುದು ಈ ಏಕರೂಪದ ಸಂಕೇತದಿಂದಲೇ.

ಹಳಗನ್ನಡ ಓದಿದವರಿಗೆ ನೋವಾಗುವ ಸಂಗತಿಯೊಂದನ್ನು ಇಲ್ಲಿ ಹೇಳದೆ ಇರಲಾರೆ. ಪಂಪ ರನ್ನರ ಕಾಲದಲ್ಲಿ ಬಳಕೆಯಲ್ಲಿದ್ದು ಬಳಿಕ ಮರೆಯಾದ ‘ೞ’ ಅಕ್ಷರಕ್ಕೆ ಯೂನಿಕೋಡಿನಲ್ಲಿ ಮನೆಯಿದೆ. ಆದರೆ ಆ ಮನೆಯ ಬಾಗಿಲಿಗೆ ‘ಕನ್ನಡ ಅಕ್ಷರ ಫ’ ಎಂಬರ್ಥದ ಇಂಗ್ಲಿಷ್ ಹೆಸರನ್ನು ತಗುಲಿಸಿದ್ದಾರೆ! ಫಕಾರಕ್ಕೂ ೞಕಾರಕ್ಕೂ ಏನು ನಂಟು? ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಆ ಒಕ್ಕೂಟದ ನಿಯಮ. ತಪ್ಪೆಂದು ಅವರೇ ಒಪ್ಪಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಬರೆದಿದ್ದಾರೆಯೇ ಹೊರತು ಮೂಲದ ಹೆಸರು ಹಾಗೆಯೇ ಇದೆ. ನಿಯಮವು ಅವಿವೇಕದ್ದಲ್ಲ, ಲೋಕದ ಯಂತ್ರಗಳೆಲ್ಲ ಅದನ್ನು ನಂಬಿರುವಾಗ ಹೆಸರನ್ನು ಕದಲಿಸಿದರೆ ಎಲ್ಲಿ ಯಾವ ಗೋಡೆ ಕುಸಿಯುವುದೋ ತಿಳಿಯದು. ಎಲ್ಲರೂ ಒಂದನ್ನೇ ಹಿಡಿದಾಗ ತಪ್ಪೂ ಶಾಶ್ವತವಾಗುತ್ತದೆ.

ಇದೇ ನ್ಯಾಯವು ಭದ್ರತೆಯ ವಿಷಯಕ್ಕೂ ಅನ್ವಯಿಸುತ್ತದೆ. ನಮ್ಮ ಎರೆಭೂಮಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲಹೊಲಗಳಲ್ಲಿಯೂ ಒಂದೇ ಬಗೆಯ ಬಿಟಿ ಹತ್ತಿಯನ್ನು ಬಿತ್ತಿದ ಮೇಲೆ ಗುಲಾಬಿ ಕಾಯಿಕೊರಕವು ಅದನ್ನು ಜಯಿಸುವ ಬಗೆಯನ್ನು ಕಂಡುಕೊಂಡಿತು. ಒಂದು ಹೊಲವನ್ನು ಗೆದ್ದ ಹುಳುವಿಗೆ ಮುಂದಿನ ಹೊಲವೂ ಗೆದ್ದಂತೆಯೇ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ಕುತಂತ್ರಾಂಶವು ವಿಂಡೋಸಿನ ಒಂದೇ ಒಂದು ಬಿರುಕಿನ ಮೂಲಕ ನೂರೈವತ್ತಕ್ಕೂ ಹೆಚ್ಚು ದೇಶಗಳ ಯಂತ್ರಗಳನ್ನು ಹೊಕ್ಕು, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಆದರೆ ಆ ಬಿರುಕಿಗೆ ತೇಪೆಯನ್ನು ಸಂಸ್ಥೆಯು ಎರಡು ತಿಂಗಳ ಮೊದಲೇ ಕೊಟ್ಟಿತ್ತೆಂಬುದನ್ನೂ ಹೇಳಬೇಕು. ಹಾಕಿಕೊಳ್ಳದವರು ಕೆಟ್ಟರು. ನಕಲು ಪ್ರತಿಯನ್ನು ಹಾಕಿಸಿಕೊಂಡು ತೇಪೆಗೆ ಹೆದರುವವರು ನಮ್ಮ ಸುತ್ತಲೂ ಇದ್ದಾರೆ; ಅವರು ಕಂಪನಿಯನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. 2024ರ ಜುಲೈ 19ರಂದಾದರೋ ಶತ್ರುವೇ ಇರಲಿಲ್ಲ. ಕಾವಲಿಗೆಂದು ಇಟ್ಟುಕೊಂಡಿದ್ದ ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ತಂತ್ರಾಂಶದ ದೋಷಯುಕ್ತ ಪರಿಷ್ಕರಣವೊಂದರಿಂದ ಸುಮಾರು 85 ಲಕ್ಷ ಯಂತ್ರಗಳು ಒಮ್ಮೆಗೇ ಸ್ತಬ್ಧವಾದವು. ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಚೀಟಿಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಜನಪ್ರಿಯವಾದುದಕ್ಕೇ ರೋಗ ಎಂಬ ನಮ್ಮ ಮೂರನೆಯ ಸಹೋದ್ಯೋಗಿಯ ಸಿದ್ಧಾಂತವು ಇಷ್ಟರಮಟ್ಟಿಗೆ ನಿಜ. ಬೇರೆಯದಕ್ಕೆ ರೋಗವೇ ಇಲ್ಲವೆಂದು ತಿಳಿಯುವುದು ಮಾತ್ರ ಭ್ರಮೆ.

ಇನ್ನು ಆಟದ ಮಾತು. ವಿಂಡೋಸನ್ನು ಬಿಟ್ಟು ಮುಕ್ತವಾದ ಲಿನಕ್ಸಿಗೆ ಏಕೆ ಬರಬಾರದೆಂದು ಯಾವ ಹುಡುಗನನ್ನು ಕೇಳಿದರೂ “ಅದರಾಗ ಗೇಮ್ ಇರಂಗಿಲ್ರಿ” ಎಂಬ ಉತ್ತರ ಸಿದ್ಧವಾಗಿತ್ತು. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಆಟದ ಯಂತ್ರವು ಲಿನಕ್ಸಿನ ಮೇಲೆಯೇ ನಡೆಯುವುದರಿಂದ ಆ ಉತ್ತರವು ಈಗ ದುರ್ಬಲವಾಗಿದೆ. ಆದರೂ ಆಟವು ಎಷ್ಟು ಬೆಲೆಯ ಬೇಲಿ ಎಂಬುದನ್ನು ದೊಡ್ಡವರು ಬಲ್ಲರು. 2023ರಲ್ಲಿ ಮೈಕ್ರೋಸಾಫ್ಟಿನವರು ಆಕ್ಟಿವಿಷನ್ ಬ್ಲಿಝಾರ್ಡ್ ಎಂಬ ಆಟದ ಸಂಸ್ಥೆಯನ್ನು ಕೊಂಡದ್ದು ಸುಮಾರು 6,900 ಕೋಟಿ ಡಾಲರುಗಳಿಗೆ. ನಮ್ಮ ಹುಳಿಗಲ್ಲಿನ ಕಟ್ಟೆಯ ಮೇಲೆ ಗೀಚಿದ ಚೌಕಾಬಾರಕ್ಕೂ, ಹುಲಿ-ಕುರಿಯ ಆಟಕ್ಕೂ ಒಡೆಯನಿಲ್ಲ. ಯಾರೂ ಅದನ್ನು ಹಿಂತೆಗೆದುಕೊಳ್ಳಲಾರರು. ಪಬ್‌ಜಿ ಆಟವಾದರೋ 2020ರ ಸೆಪ್ಟೆಂಬರಿನಲ್ಲಿ ಸರ್ಕಾರದ ಒಂದು ಆಜ್ಞೆಯಿಂದ ನಿಷಿದ್ಧವಾಯಿತು. ಮರುವರ್ಷ ಹೆಸರು ಬದಲಿಸಿ ಬಂದಿತು. 2022ರಲ್ಲಿ ಪುನಃ ಮರೆಯಾಗಿ 2023ರಲ್ಲಿ ಮರಳಿತು. ಹಣ ಕೊಟ್ಟು ಕೊಂಡ ಆಟದ ಉಡುಗೆ ಆಯುಧಗಳು ಹುಡುಗರ ಸ್ವತ್ತೆಂದು ಹೇಗೆ ಹೇಳುವುದು? ಹಣವನ್ನು ಪಣವಾಗಿಡುವ ಆಟಗಳು ಬೇರೆ ಜಾತಿಯವು. ಅವನ್ನು ತಡೆಯಲು ನಮ್ಮ ರಾಜ್ಯವು 2021ರಲ್ಲಿ ಮಾಡಿದ ಕಾಯಿದೆಯ ಮುಖ್ಯ ಭಾಗವನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಶಾಸನವನ್ನು ಅಂಗೀಕರಿಸಿತು. ಪಾಲಕರು ಕೇಳಿದ್ದು ಆ ಆಟದ ವಿಚಾರವಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ. ಗೆಳೆಯರೆಲ್ಲ ಸೇರಿರುವ ಬಯಲನ್ನು ಒಬ್ಬನೇ ಬಿಟ್ಟು ಬರುವುದು ದೊಡ್ಡವರಿಗೇ ಕಷ್ಟವೆಂದ ಮೇಲೆ ಹುಡುಗನನ್ನು ಬರಿಯ ಬೈಗುಳದಿಂದ ಹೊರತರುವುದು ಕಷ್ಟವೇ ಎಂದಷ್ಟೇ ಅವರಿಗೆ ಹೇಳಿದೆನು.

ಎಲ್ಲರೂ ಕೂಡಿ ಬಿಟ್ಟರೆ ಸಾಧ್ಯವೆಂಬುದಕ್ಕೆ ದೃಷ್ಟಾಂತವುಂಟು. ಕೇರಳದ ಸರ್ಕಾರಿ ಶಾಲೆಗಳು ಗಣಕಶಿಕ್ಷಣವನ್ನು ಮುಕ್ತ ತಂತ್ರಾಂಶಕ್ಕೆ ಸಾಗಿಸಿ ಬಹುಕಾಲವಾಯಿತು. ಆ ರಾಜ್ಯಕ್ಕೆ ಸೇರಿದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸಿನಲ್ಲಿಯೇ ಕಲಿಯುತ್ತಾರೆ. ಒಬ್ಬ ಹುಡುಗನಿಂದಾಗದ್ದು ಒಂದು ಇಲಾಖೆಯಿಂದ ಆಯಿತು.

ನನ್ನ ಕಡತದ ವಿಷಯ ಉಳಿಯಿತು. ಭೀಮಾತೀರದ ಸನ್ನತಿಯಲ್ಲಿ ದೊರೆತ ಅಶೋಕನ ಶಾಸನವನ್ನು ಇಂದಿಗೂ ಓದಬಹುದು. ಬ್ರಾಹ್ಮಿ ಲಿಪಿಯನ್ನು ಲೋಕವು ಮರೆತಿದ್ದರೂ 1837ರಲ್ಲಿ ಪ್ರಿನ್ಸೆಪ್ ಎಂಬ ವಿದ್ವಾಂಸನು ಅಕ್ಷರಕ್ಕೆ ಅಕ್ಷರವನ್ನು ಹೋಲಿಸಿ ಅದನ್ನು ಬಿಡಿಸಿದನು. ಅದೇ ಉಪಾಯವನ್ನು ನಮ್ಮ ವಸತಿನಿಲಯದ ಹತ್ತನೆಯ ತರಗತಿಯ ಇಬ್ಬರು ಹುಡುಗರಿಗೆ ಹೇಳಿದೆನು. ಅವರಲ್ಲೊಬ್ಬನು ಆಟವನ್ನು ಬಿಡಲೊಲ್ಲದ ಆ ಹುಡುಗನೇ. ಕರಡಚ್ಚಿನ ಒಂದೇ ಒಂದು ಹಾಳೆ ನನ್ನ ಪುಸ್ತಕವೊಂದರ ನಡುವೆ ಉಳಿದಿದ್ದಿತು. ಅದರ ಕನ್ನಡವನ್ನೂ ಕಡತದ ರೋಮನ್ ಗೋಜಲನ್ನೂ ಎದುರುಬದುರಾಗಿಟ್ಟು ಹುಡುಗರು ಯಾವ ಚಿಹ್ನೆ ಯಾವ ತುಂಡಕ್ಷರವೆಂದು ಪಟ್ಟಿ ಮಾಡಿದರು. ಆಮೇಲೆ ಪಟ್ಟಿಯಂತೆ ಯೂನಿಕೋಡಿಗೆ ತಿರುಗಿಸಿದರು. ಮೊದಲು ಮೂಡಿದ ಪದ ‘ಎಡೆಕುಂಟೆ’. ಅರ್ಕಾವೊತ್ತಿನ ಪದಗಳು ಮಾತ್ರ ಕೆಟ್ಟು ಬಂದಿವೆ. ಹಳೆಯ ಪದ್ಧತಿಯಲ್ಲಿ ಕಣ್ಣಿಗೆ ಕಾಣುವಂತೆ ರಕಾರವನ್ನು ಕೊನೆಗೆ ಒತ್ತುತ್ತಿದ್ದರು, ಯೂನಿಕೋಡಿನಲ್ಲಿ ನಾಲಗೆ ನುಡಿಯುವಂತೆ ಅದು ಮೊದಲು ಬರಬೇಕು. ಅವನ್ನು ಒಂದೊಂದಾಗಿ ಕೈಯಿಂದ ತಿದ್ದುತ್ತಿದ್ದೇವೆ. ಇನ್ನು ನಲವತ್ತು ಪುಟಗಳು ಉಳಿದಿವೆ. ಷಟ್ಪದಿಯ ಲೇಖನವನ್ನು ಮುಂದಿನ ಸಂಚಿಕೆಗೆ ಒಪ್ಪಿಸುತ್ತೇನೆ.