ಬಾಗಿಲು ಬಡಿದರೂ ಬೀಳದ ಅರಮನೆ

ಶಾಲೆ ನಾಟಕ. ಸಿಟ್ಟಿಗೆದ್ದ ರಾಜ ದಡಾರನೆ ಬಾಗಿಲು ಹಾಕ್ತಾನೆ, ಇಡೀ ಅರಮನೆ ಗಡಗಡ! ಯಾಕೆ?

ರಂಗದ ಗೋಡೆ ಅಂದ್ರೆ ರೀಪಿನ ಚೌಕಟ್ಟು, ಮೇಲೊಂದು ಬಟ್ಟೆ. ಆಯತ ಒತ್ತಿದರೆ ಓರೆಯಾಗುತ್ತೆ, ತ್ರಿಕೋನ ಆಗಲ್ಲ. ಅದಕ್ಕೇ ಮೂಲೆಗಳಿಗೆ ಪ್ಲೈವುಡ್ ತ್ರಿಕೋನ ಹೊಡೀರಿ. ಮೂಲೆಮಟ್ಟ ಇಲ್ವಾ? ಮೂಲೆಯಿಂದ ಒಂದು ರೀಪಿನಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಮಾಡಿ. ಎರಡು ಗುರುತಿನ ನಡುವೆ ಟೇಪು ಸರಿಯಾಗಿ 5 ಅಡಿ ತೋರಿಸಬೇಕು. ಗಣಿತದ ಮೇಷ್ಟ್ರು ಖುಷಿಯಾಗ್ತಾರೆ.

ವೇದಿಕೆಗೆ ಮೊಳೆ ಹೊಡೆಯೋಕೆ ಹೆಡ್‌ಮಾಸ್ಟರ್ ಬಿಡಲ್ಲ. ಬಿಡಲೂಬಾರದು! ಗೋಡೆ ಹಿಂದೆ ರೀಪಿನದೇ ತ್ರಿಕೋನದ ಆಸರೆ ಕೊಟ್ಟು, ಬುಡದ ಪಟ್ಟಿ ಮೇಲೆ ಮರಳಿನ ಚೀಲ ಹೇರಿ. ಚೀಲ ಗೋಡೆಗೆ ಅಂಟಿಕೊಂಡಿರಬಾರದು, ಪಟ್ಟಿಯ ಹಿಂತುದಿಯಲ್ಲಿರಬೇಕು. ದೂರ ಇದ್ದಷ್ಟೂ ಹಿಡಿತ ಜಾಸ್ತಿ.

ಸೆಟ್ ಬಿಚ್ಚಿದ ಮೇಲೆ ಮೊಳೆಗಳನ್ನೆಲ್ಲ ಹುಡುಕಿ ಡಬ್ಬಿಗೆ ಹಾಕಿ. ಅಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡ್ತಾರೆ.