ಗಂಡಸರ ಯೇಲ್‌ನಲ್ಲಿ ನರ್ಸುಗಳ ಶಾಲೆ

ಅಮೆರಿಕದ ನ್ಯೂ ಹೇವನ್ ಊರಿನಲ್ಲಿರುವ ಯೇಲ್ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1701ರಲ್ಲಿ. ಅದರ ಪದವಿ ಕಾಲೇಜಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1969ರಲ್ಲಿ. ಈ ಎರಡು ಇಸವಿಗಳ ನಡುವಿನ ಕಾಲವೆಲ್ಲ ಯೇಲ್ ಬಹುಮಟ್ಟಿಗೆ ಗಂಡಸರ ಜಾಗವಾಗಿಯೇ ಉಳಿದಿತ್ತು. ಆದರೆ 1923ರಲ್ಲಿ ಅದೇ ವಿಶ್ವವಿದ್ಯಾಲಯ ನರ್ಸಿಂಗ್ ಶಾಲೆಯೊಂದನ್ನು ತೆರೆದು ಅದರ ಹೊಣೆಯನ್ನು ಆನಿ ವಾರ್ಬರ್ಟನ್ ಗುಡ್‌ರಿಚ್ ಎಂಬ ನರ್ಸಿಗೆ ಒಪ್ಪಿಸಿತು. ಯೇಲ್‌ನ ಚರಿತ್ರೆಯಲ್ಲಿ ಡೀನ್ ಹುದ್ದೆಗೇರಿದ ಮೊದಲ ಮಹಿಳೆ ಅವರು.

ಹೆಂಗಸರು ಯೇಲ್‌ಗೆ ಬಂದದ್ದು ಅಲ್ಲೊಂದು ಇಲ್ಲೊಂದು ಬಾಗಿಲಿನಿಂದ. ಕಲಾ ಶಾಲೆ 1869ರಲ್ಲೇ ಅವರನ್ನು ಸೇರಿಸಿಕೊಂಡಿತು. ಪಿಎಚ್‌ಡಿ ಅಧ್ಯಯನಕ್ಕೆ 1892ರಲ್ಲಿ ಅವಕಾಶವಾಯಿತು. ವೈದ್ಯಕೀಯ ಶಾಲೆಯ ಕಥೆ ಆ ಕಾಲದ ಮನೋಭಾವವನ್ನು ಚೆನ್ನಾಗಿ ತೋರಿಸುತ್ತದೆ: 1916ರವರೆಗೆ ಅಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ, ಅವರಿಗಾಗಿ ಶೌಚಾಲಯವಿಲ್ಲ ಎಂಬುದು ಮುಂದಿಡಲಾದ ಅಡ್ಡಿಗಳಲ್ಲೊಂದು. ಅರ್ಥಶಾಸ್ತ್ರದ ಪ್ರಾಧ್ಯಾಪಕ ಹೆನ್ರಿ ಫಾರ್ನಮ್ ತಮ್ಮ ಮಗಳು ಲೂಯಿಸ್ ಅಲ್ಲಿ ಓದಲೆಂದು ಆ ಶೌಚಾಲಯದ ಖರ್ಚನ್ನು ತಾವೇ ಕೊಡಲು ಮುಂದೆ ಬಂದ ಮೇಲೆ ದಾರಿ ತೆರೆಯಿತು. ಕಲಾ ಶಾಲೆಯನ್ನು ಬಿಟ್ಟರೆ, ಹೀಗೆ ಒಳಬಂದವರೆಲ್ಲ ಗಂಡಸರಿಗಾಗಿ ಕಟ್ಟಿದ ತರಗತಿಯಲ್ಲಿ ಒಬ್ಬಿಬ್ಬರಾಗಿ ಕೂತವರು. ನರ್ಸುಗಳ ಸ್ಥಿತಿ ಬೇರೆ. ಅವರು ತಮ್ಮದೇ ಶಾಲೆ, ತಮ್ಮದೇ ಶಿಕ್ಷಕಿಯರು, ತಮ್ಮದೇ ಪಠ್ಯಕ್ರಮದೊಡನೆ ಬಂದರು. ಯೇಲ್‌ನಲ್ಲಿ ಅವರಿಗೆ ಸಿಕ್ಕ ಬಲಕ್ಕೂ ಎದುರಾದ ತೊಡಕುಗಳಿಗೂ ಇದೇ ಕಾರಣ.

ನರ್ಸುಗಳಿಗೆ ವಿಶ್ವವಿದ್ಯಾಲಯವಾದರೂ ಯಾಕೆ ಬೇಕಾಯಿತು? ಫ್ಲಾರೆನ್ಸ್ ನೈಟಿಂಗೇಲ್ ಹಾಕಿಕೊಟ್ಟ ಮಾದರಿಯ ತರಬೇತಿ ಶಾಲೆಗಳು ಅಮೆರಿಕದಲ್ಲಿ 1873ರಲ್ಲಿ ಆರಂಭವಾದವು. ಆ ವರ್ಷ ತೆರೆದ ಮೂರರಲ್ಲಿ ಒಂದು ನ್ಯೂ ಹೇವನ್‌ನಲ್ಲೇ ಇತ್ತು. ಮುಂದಿನ ಐವತ್ತು ವರ್ಷಗಳಲ್ಲಿ ಇಂಥ ಶಾಲೆಗಳು ನೂರಾರು ಸಂಖ್ಯೆಯಲ್ಲಿ ಹುಟ್ಟಿಕೊಂಡದ್ದಕ್ಕೆ ಸರಳವಾದ ಲೆಕ್ಕವೊಂದಿದೆ. ಶಾಲೆ ಆಸ್ಪತ್ರೆಯ ಕೈಯಲ್ಲಿರುತ್ತಿತ್ತು, ಕಲಿಯಲು ಬಂದ ಹುಡುಗಿಯರೇ ಆಸ್ಪತ್ರೆಯನ್ನು ನಡೆಸುತ್ತಿದ್ದರು. ಊಟ, ವಸತಿ ಮತ್ತು ಕೈಖರ್ಚಿನಷ್ಟು ಹಣಕ್ಕೆ ಅವರು ಹಗಲು ರಾತ್ರಿ ವಾರ್ಡಿನಲ್ಲಿ ದುಡಿಯುತ್ತಿದ್ದರು. ದಿನವಿಡೀ ಕೆಲಸ ಮಾಡಿದ ಮೇಲೆ ಸಂಜೆ ಯಾರಾದರೂ ವೈದ್ಯರು ಬಿಡುವಾಗಿ ಬಂದರೆ ಪಾಠ, ಬಾರದಿದ್ದರೆ ಇಲ್ಲ. ಮಕ್ಕಳ ವಾರ್ಡಿನಲ್ಲಿ ಕಲಿಯುವುದು ಮುಗಿದಿದ್ದರೂ ಅಲ್ಲಿ ಕೈ ಸಾಲದಿದ್ದರೆ ಇನ್ನೂ ಎರಡು ತಿಂಗಳು ಅಲ್ಲೇ ಇರಬೇಕು. ಏನು ಕಲಿಯಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಆಸ್ಪತ್ರೆಯ ಡ್ಯೂಟಿ ಪಟ್ಟಿ.

ಈ ಪದ್ಧತಿಯನ್ನು ಬಯಲಿಗೆಳೆದದ್ದು ಗೋಲ್ಡ್‌ಮಾರ್ಕ್ ವರದಿ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ನೇಮಕವಾದ ಸಮಿತಿಗೆ ಯೇಲ್‌ನ ಸಾರ್ವಜನಿಕ ಆರೋಗ್ಯದ ಪ್ರಾಧ್ಯಾಪಕ ಚಾರ್ಲ್ಸ್ ಎಡ್ವರ್ಡ್ ವಿನ್ಸ್‌ಲೋ ಅಧ್ಯಕ್ಷರಾಗಿದ್ದರು. ಅಧ್ಯಯನವನ್ನು ನಡೆಸಿ ವರದಿ ಬರೆದವರು ಜೋಸೆಫೀನ್ ಗೋಲ್ಡ್‌ಮಾರ್ಕ್. ಆಕೆ ನರ್ಸ್ ಅಲ್ಲ. ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರ ಕೆಲಸದ ಹೊತ್ತು ಮತ್ತು ದಣಿವನ್ನು ಕುರಿತು ವರ್ಷಗಟ್ಟಲೆ ಅಧ್ಯಯನ ಮಾಡಿದ್ದವರು. ಆ ಕಣ್ಣಿನಿಂದ ನೋಡಿದ್ದಕ್ಕೇ, ಆಸ್ಪತ್ರೆಗಳು ಸೇವೆ, ತ್ಯಾಗ ಎಂದು ಕರೆಯುತ್ತಿದ್ದದ್ದರ ಬಹುಪಾಲು ಅಗ್ಗದ ದುಡಿಮೆ ಎಂಬುದು ಅವರಿಗೆ ಕಂಡಿತು. 1923ರಲ್ಲಿ ಪ್ರಕಟವಾದ ವರದಿ, ನರ್ಸಿಂಗ್ ಶಾಲೆ ಆಸ್ಪತ್ರೆಯ ಹಿಡಿತದಿಂದ ಹೊರಬಂದು ಸ್ವಂತ ಹಣದ ಮೇಲೆ ನಿಲ್ಲಬೇಕು, ಸಾಧ್ಯವಾದಲ್ಲಿ ವಿಶ್ವವಿದ್ಯಾಲಯದೊಳಗೆ ಇರಬೇಕು ಎಂದಿತು. ಅದನ್ನು ಮೊದಲು ಪರೀಕ್ಷಿಸಿದ ಕಡೆಗಳಲ್ಲಿ ಯೇಲ್ ಒಂದು. ಪ್ರಯೋಗದ ಹಣ ಬಂದದ್ದೂ ರಾಕ್‌ಫೆಲರ್ ಪ್ರತಿಷ್ಠಾನದಿಂದಲೇ.

ಡೀನ್ ಆದಾಗ ಗುಡ್‌ರಿಚ್ ಅವರಿಗೆ ಅರವತ್ತು ಹತ್ತಿರವಾಗಿತ್ತು. 1892ರಲ್ಲಿ ನ್ಯೂಯಾರ್ಕ್ ಆಸ್ಪತ್ರೆಯ ಶಾಲೆಯಿಂದ ನರ್ಸ್ ಆಗಿ ಹೊರಬಂದವರು, ನ್ಯೂಯಾರ್ಕ್ ರಾಜ್ಯದ ತರಬೇತಿ ಶಾಲೆಗಳನ್ನು ತಪಾಸಣೆ ಮಾಡಿದವರು, ಬಡವರ ಮನೆಮನೆಗೆ ಹೋಗುವ ಹೆನ್ರಿ ಸ್ಟ್ರೀಟ್ ನರ್ಸುಗಳ ಮೇಲ್ವಿಚಾರಣೆ ನಡೆಸಿದವರು, 1918ರಲ್ಲಿ ಸೈನ್ಯದ ನರ್ಸಿಂಗ್ ಶಾಲೆಯನ್ನು ಕಟ್ಟಿದವರು. ಅವರು ಹಿಡಿದ ಪಟ್ಟು ಒಂದೇ: ನರ್ಸಿಂಗ್ ಶಾಲೆ ವೈದ್ಯಕೀಯ ಶಾಲೆಯ ಒಂದು ವಿಭಾಗವಾಗಬಾರದು. ಡೀನ್ ಬೇರೆ, ಬಜೆಟ್ ಬೇರೆ, ಬೋಧಕ ವರ್ಗ ಬೇರೆ ಇರಬೇಕು. ಪದವಿ ಯೇಲ್‌ನ ಹೆಸರಿನಲ್ಲೇ ಸಿಗಬೇಕು. 1929ರಲ್ಲಿ ಪ್ರತಿಷ್ಠಾನ 10 ಲಕ್ಷ ಡಾಲರಿನ ದತ್ತಿನಿಧಿಯನ್ನು ಕೊಟ್ಟು ಶಾಲೆಯನ್ನು ಕಾಯಂ ಮಾಡಿತು. 1934ರ ಹೊತ್ತಿಗೆ, ಇಲ್ಲಿ ಸೇರಬೇಕಾದರೆ ಮೊದಲೇ ಒಂದು ಪದವಿ ಇರಬೇಕು ಎಂಬ ನಿಯಮ ಬಂತು. ಹೈಸ್ಕೂಲು ಮುಗಿಸಿದವರನ್ನೂ, ಮುಗಿಸದವರನ್ನೂ ಆಸ್ಪತ್ರೆ ಶಾಲೆಗಳು ಸೇರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತು.

ಪಾಠದ ಕ್ರಮವೂ ಬದಲಾಯಿತು. ಹಳೆಯ ಪದ್ಧತಿಯಲ್ಲಿ ವಾರ್ಡಿನ ಕೆಲಸವನ್ನು ತುಂಡುಮಾಡಿ ಹಂಚುತ್ತಿದ್ದರು: ಒಬ್ಬಳು ಎಲ್ಲ ರೋಗಿಗಳ ಜ್ವರ ನೋಡುತ್ತಾಳೆ, ಇನ್ನೊಬ್ಬಳು ಎಲ್ಲರ ಹಾಸಿಗೆ ಸರಿಪಡಿಸುತ್ತಾಳೆ, ಮತ್ತೊಬ್ಬಳು ಔಷಧದ ಟ್ರೇ ಹಿಡಿದು ಮಂಚದಿಂದ ಮಂಚಕ್ಕೆ ಹೋಗುತ್ತಾಳೆ. ಯೇಲ್‌ನಲ್ಲಿ ವಿದ್ಯಾರ್ಥಿನಿಗೆ ಕೆಲಸದ ಬದಲು ರೋಗಿಯನ್ನೇ ಒಪ್ಪಿಸಿದರು. ಆ ರೋಗಿಯ ಕಾಯಿಲೆ ಏನು, ಮನೆಯಲ್ಲಿ ಯಾರಿದ್ದಾರೆ, ಡಿಸ್ಚಾರ್ಜ್ ಆದಮೇಲೆ ನೋಡಿಕೊಳ್ಳುವವರು ಯಾರು ಎಂಬುದೆಲ್ಲ ಅವಳ ಅಧ್ಯಯನಕ್ಕೆ ಸೇರಿತು. ಈ ಕ್ರಮವನ್ನು ಬೆಳೆಸಿದವರಲ್ಲಿ ಪ್ರಮುಖರಾದ ಎಫಿ ಟೇಲರ್ 1934ರಲ್ಲಿ ಗುಡ್‌ರಿಚ್ ನಿವೃತ್ತರಾದಾಗ ಎರಡನೆಯ ಡೀನ್ ಆದರು.

ಇಷ್ಟೆಲ್ಲ ಆದರೂ ಕ್ಯಾಂಪಸ್ಸಿನಲ್ಲಿ ನರ್ಸುಗಳು ಅಂಚಿನಲ್ಲೇ ಉಳಿದರು. ಅವರ ಓದು, ವಸತಿ, ಕೆಲಸ ಎಲ್ಲವೂ ಆಸ್ಪತ್ರೆಯ ಸುತ್ತಮುತ್ತ. ಯೇಲ್‌ನ ದೊಡ್ಡ ಗ್ರಂಥಾಲಯದೊಳಗಿನ ‘ಲಿನೋನಿಯಾ ಅಂಡ್ ಬ್ರದರ್ಸ್’ ಎಂಬ ವಾಚನಾಲಯ 1963ರವರೆಗೂ ಹೆಂಗಸರಿಗೆ ಮುಚ್ಚಿತ್ತು. ಪ್ರಾಧ್ಯಾಪಕರು ಊಟಕ್ಕೆ ಕೂತು ವಿಶ್ವವಿದ್ಯಾಲಯದ ವ್ಯವಹಾರಗಳನ್ನು ಮಾತಾಡಿಕೊಳ್ಳುತ್ತಿದ್ದ ‘ಮೋರಿಸ್’ ಕ್ಲಬ್ಬು ಹೆಂಗಸರಿಗೆ ಸದಸ್ಯತ್ವ ಕೊಟ್ಟದ್ದು 1974ರಲ್ಲಿ, ಅದೂ ಮದ್ಯದ ಲೈಸೆನ್ಸಿನ ವಿಚಾರ ಕೋರ್ಟಿನ ಮೆಟ್ಟಿಲೇರಿದ ಮೇಲೆ. ಇವು ಸಣ್ಣ ಸಂಗತಿಗಳಂತೆ ಕಾಣಬಹುದು. ಆದರೆ ಯಾವ ಶಾಲೆಗೆ ಎಷ್ಟು ಹಣ, ಯಾರಿಗೆ ಬಡ್ತಿ ಎಂಬ ಮಾತುಗಳು ಸಭೆಗಳಷ್ಟೇ ಇಂಥ ಊಟದ ಮೇಜುಗಳಲ್ಲೂ ಹದಗೊಳ್ಳುತ್ತವೆ. ಅಲ್ಲಿ ಕೂರಲಾಗದ ಡೀನ್, ಡೀನ್ ಆಗಿದ್ದೂ ಅರ್ಧ ಹೊರಗಿನವರೇ.

ಇದರ ಪೆಟ್ಟು ಬಿದ್ದದ್ದು 1950ರ ದಶಕದ ಮಧ್ಯದಲ್ಲಿ. ಆಗ ಯೇಲ್‌ನ ಅಧ್ಯಕ್ಷರಾಗಿದ್ದ ವಿಟ್ನಿ ಗ್ರಿಸ್ವಾಲ್ಡ್ ಅವರ ಆಡಳಿತ, ಹೊಸಬರನ್ನು ನರ್ಸುಗಳನ್ನಾಗಿ ತಯಾರು ಮಾಡುವ ಮೂಲ ಶಿಕ್ಷಣವನ್ನು ನಿಲ್ಲಿಸಿತು. ಈಗಾಗಲೇ ನರ್ಸ್ ಆದವರಿಗೆ ಕೊಡುವ ಉನ್ನತ ಶಿಕ್ಷಣ ಮಾತ್ರ ಉಳಿಯಿತು. ಹಳೆಯ ವಿದ್ಯಾರ್ಥಿನಿಯರಿಗೆ ಇದು ಬಹಳ ನೋವು ತಂದ ತೀರ್ಮಾನ. ವೈದ್ಯನನ್ನೂ ವಕೀಲನನ್ನೂ ತಯಾರು ಮಾಡುವ ವಿಶ್ವವಿದ್ಯಾಲಯಕ್ಕೆ ನರ್ಸನ್ನು ತಯಾರು ಮಾಡುವುದು ಮಾತ್ರ ಯಾಕೆ ತಕ್ಕದ್ದಲ್ಲ ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ಇರಲಿಲ್ಲ.

ಚಿಕ್ಕದಾದ ಆ ಶಾಲೆಯಿಂದಲೇ ನರ್ಸಿಂಗ್‌ನ ಅತ್ಯಂತ ಮುಖ್ಯವಾದ ಕೆಲವು ವಿಚಾರಗಳು ಹೊರಬಂದವು ಎಂಬುದು ಗಮನಿಸಬೇಕಾದ ಸಂಗತಿ. ಗುಡ್‌ರಿಚ್ ಅವರ ಸೈನ್ಯದ ಶಾಲೆಯಲ್ಲಿ ಕಲಿತು 1921ರಲ್ಲಿ ನರ್ಸ್ ಆಗಿದ್ದ ವರ್ಜೀನಿಯಾ ಹೆಂಡರ್ಸನ್ 1953ರಲ್ಲಿ ಯೇಲ್‌ಗೆ ಬಂದರು. ಸಮಾಜಶಾಸ್ತ್ರಜ್ಞ ಲಿಯೋ ಸಿಮನ್ಸ್ ಅವರೊಡನೆ ದೇಶದಲ್ಲಿ ನರ್ಸಿಂಗ್ ಕುರಿತು ನಡೆದ ಸಂಶೋಧನೆಗಳನ್ನೆಲ್ಲ ಜಾಲಾಡಿದಾಗ ಅವರಿಗೆ ಕಂಡದ್ದು ವಿಚಿತ್ರ ಚಿತ್ರ. ನರ್ಸುಗಳ ಸ್ವಭಾವ, ಅವರು ಕೆಲಸ ಬಿಡುವುದು, ಅವರ ಶಿಕ್ಷಣ, ಇವನ್ನು ಕುರಿತ ಅಧ್ಯಯನಗಳು ರಾಶಿ ಬಿದ್ದಿದ್ದವು. ರೋಗಿಯ ಹಾಸಿಗೆಯ ಪಕ್ಕದಲ್ಲಿ ನರ್ಸ್ ಮಾಡುವ ಕೆಲಸದಿಂದ ರೋಗಿಗೆ ಏನಾಗುತ್ತದೆ ಎಂದು ಕೇಳಿದವರು ತೀರ ಕಡಿಮೆ. ಸಂಶೋಧಿಸುತ್ತಿದ್ದವರು ಬಹುಮಟ್ಟಿಗೆ ಬೇರೆ ಶಾಸ್ತ್ರಗಳವರು. ಅವರಿಗೆ ನರ್ಸ್ ಅಧ್ಯಯನದ ವಸ್ತುವಾಗಿದ್ದಳು. 1956ರಲ್ಲಿ ಹೆಂಡರ್ಸನ್ ಇದನ್ನು ನೇರವಾಗಿ ಬರೆದು, ನರ್ಸಿಂಗ್ ಕೆಲಸವನ್ನೇ ಕುರಿತ ಸಂಶೋಧನೆ ಶುರುವಾಗುವುದು ಯಾವಾಗ ಎಂದು ಕೇಳಿದರು.

ಉತ್ತರ ಅವರ ಸುತ್ತಲೇ ಮೊಳೆಯುತ್ತಿತ್ತು. ಅದೇ ಶಾಲೆಯ ಐಡಾ ಜೀನ್ ಒರ್ಲಾಂಡೊ ವಾರ್ಡುಗಳಲ್ಲಿ ನರ್ಸು ಮತ್ತು ರೋಗಿಯ ನಡುವೆ ನಡೆಯುವ ಮಾತುಕತೆಗಳನ್ನು ದಾಖಲಿಸುತ್ತ ಹೋದರು. ರೋಗಿ ಬಾಯಿಬಿಟ್ಟು ಕೇಳುವುದಕ್ಕೂ ಅವನಿಗೆ ನಿಜವಾಗಿ ಬೇಕಾದದ್ದಕ್ಕೂ ಅಂತರವಿರುತ್ತದೆ, ಅದನ್ನು ಊಹಿಸಿ ಸುಮ್ಮನಾಗದೆ ರೋಗಿಯನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು ಎಂಬುದು ಅವರು ಕಂಡುಕೊಂಡದ್ದು. ಅವರ ಪುಸ್ತಕ 1961ರಲ್ಲಿ ಬಂತು. ಎರಡು ವರ್ಷದ ನಂತರ ಅಲ್ಲಿನವರೇ ಆದ ನರ್ಸ್ ರೆಟಾ ಡೂಮಸ್ ಮತ್ತು ಸಮಾಜಶಾಸ್ತ್ರಜ್ಞ ರಾಬರ್ಟ್ ಲೆನರ್ಡ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಡೂಮಸ್ ಆಫ್ರಿಕನ್ ಅಮೆರಿಕನ್ ಮಹಿಳೆ. ಬಿಳಿಯರ, ಗಂಡಸರ ವಿಶ್ವವಿದ್ಯಾಲಯದಲ್ಲಿ ಅವರು ಎರಡು ರೀತಿಯಲ್ಲಿ ಅಲ್ಪಸಂಖ್ಯಾತರು. ಶಸ್ತ್ರಚಿಕಿತ್ಸೆಗೆ ಮುಂಚೆ ಕೆಲವು ರೋಗಿಗಳ ಬಳಿ ನರ್ಸ್ ಕೂತು, ಅವರ ಭಯವೇನೆಂದು ಕೇಳಿ, ಅದು ಇಳಿಯುವವರೆಗೆ ಜೊತೆಗಿದ್ದರು. ಉಳಿದವರಿಗೆ ಎಂದಿನ ಆರೈಕೆ. ಆಪರೇಷನ್ ಆದಮೇಲೆ ಯಾರಿಗೆ ಎಷ್ಟು ವಾಂತಿಯಾಯಿತು ಎಂದು ಲೆಕ್ಕ ಹಾಕಿದಾಗ, ನರ್ಸ್ ಕೂತು ಮಾತಾಡಿಸಿದವರಲ್ಲಿ ವಾಂತಿ ಗಮನಾರ್ಹವಾಗಿ ಕಡಿಮೆಯಿತ್ತು. ನರ್ಸಿನ ಮಾತು, ಕೇಳುವಿಕೆ ಇವೆಲ್ಲ ಹೆಣ್ಣಿನ ಸಹಜ ಮಮತೆ ಎಂದು ಹೊಗಳಿ ಬದಿಗಿಡಲಾಗುತ್ತಿದ್ದವು. ಈ ಪ್ರಯೋಗ ಅವನ್ನು ಅಳತೆಗೆ ಸಿಗುವ ಚಿಕಿತ್ಸೆಯಾಗಿ ತೋರಿಸಿತು. ಆ ಶಾಲೆಯ ಎಲ್ಲ ಕೆಲಸಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಟ್ಟರೆ ತಪ್ಪಾಗದು.

ವಾರ್ಡಿನಲ್ಲಿ ಗಂಡಸು ಹೆಂಗಸರ ಸಂಬಂಧ ಹೇಗಿತ್ತು ಎಂಬುದನ್ನು 1967ರಲ್ಲಿ ಮನೋವೈದ್ಯ ಲೆನರ್ಡ್ ಸ್ಟೈನ್ ಒಂದು ಲೇಖನದಲ್ಲಿ ವಿವರಿಸಿದರು. ರೋಗಿಗೆ ಏನು ಬೇಕೆಂದು ಅನುಭವಿ ನರ್ಸಿಗೆ ಗೊತ್ತು. ಆದರೆ ನೇರವಾಗಿ ಹೇಳುವಂತಿಲ್ಲ. ಅದು ವೈದ್ಯನಿಗೇ ಹೊಳೆದ ವಿಚಾರ ಎನಿಸುವಂತೆ ಸೂಚಿಸಬೇಕು. ವೈದ್ಯನೂ ಸಲಹೆ ಕೇಳಿದಂತೆ ಕಾಣದಂತೆ ಕೇಳಬೇಕು. ಇಂಥ ವಾತಾವರಣದಲ್ಲಿ ತನ್ನ ಹೆಸರಿನಲ್ಲಿ ಪ್ರಬಂಧ ಬರೆದು, ಇದು ನಾನು ಕಂಡದ್ದು ಎಂದು ನರ್ಸ್ ಹೇಳುವುದಕ್ಕೆ ಎಂಥ ಧೈರ್ಯ ಬೇಕಿತ್ತೆಂದು ಊಹಿಸಬಹುದು.

ಇದೇ ದಶಕದಲ್ಲಿ, 1963ರಲ್ಲಿ, ಲಂಡನ್ನಿನಿಂದ ಸಿಸಿಲಿ ಸಾಂಡರ್ಸ್ ಯೇಲ್‌ಗೆ ಉಪನ್ಯಾಸಕ್ಕೆ ಬಂದರು. ನರ್ಸ್ ಆಗಿ ವೃತ್ತಿ ಆರಂಭಿಸಿದ್ದ ಅವರು ಬೆನ್ನುನೋವಿನಿಂದ ಆ ಕೆಲಸ ಬಿಡಬೇಕಾಯಿತು. ಸಾಯುತ್ತಿರುವವರ ನೋವನ್ನು ಕುರಿತ ತಮ್ಮ ಮಾತನ್ನು ವೈದ್ಯರು ಕೇಳಬೇಕಾದರೆ ತಾವೂ ವೈದ್ಯೆಯಾಗಬೇಕು ಎಂದು ತಿಳಿದು ಮತ್ತೆ ಓದಿ, ನಲವತ್ತರ ಹತ್ತಿರದಲ್ಲಿ, 1957ರಲ್ಲಿ ಆ ಪದವಿ ಪಡೆದಿದ್ದರು. ಅವರ ಉಪನ್ಯಾಸ ಕೇಳಿದವರಲ್ಲಿ ಆಗಿನ ಡೀನ್ ಫ್ಲಾರೆನ್ಸ್ ವಾಲ್ಡ್ ಒಬ್ಬರು. ಯೇಲ್‌ನಲ್ಲೇ 1941ರಲ್ಲಿ ನರ್ಸಿಂಗ್ ಮುಗಿಸಿದ್ದವರು. ಕ್ಯಾನ್ಸರ್ ರೋಗಿಗೆ ಕಾಯಿಲೆಯ ಹೆಸರನ್ನೇ ಹೇಳದೆ, ಗುಣವಾಗದೆಂದು ಗೊತ್ತಿದ್ದೂ ಚಿಕಿತ್ಸೆಯನ್ನು ಎಳೆಯುತ್ತಿದ್ದ ಆಸ್ಪತ್ರೆಗಳಲ್ಲಿ, ರೋಗಿ ಕೇಳುವ ಪ್ರಶ್ನೆಗಳು ಕೊನೆಗೆ ಬೀಳುತ್ತಿದ್ದದ್ದು ರಾತ್ರಿ ಪಾಳಿಯ ನರ್ಸಿನ ಮೇಲೆ. ಉತ್ತರಿಸುವ ಅಧಿಕಾರ ಮಾತ್ರ ಅವಳಿಗಿರಲಿಲ್ಲ. ವಾಲ್ಡ್ ಆ ದಶಕದಲ್ಲೇ ಡೀನ್ ಪದವಿಯನ್ನು ಬಿಟ್ಟು ಸಾಯುತ್ತಿರುವವರ ಆರೈಕೆಯ ಅಧ್ಯಯನಕ್ಕಿಳಿದರು. ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ ಹಾಸ್ಪೀಸಿಗೆ, ಅಂದರೆ ಸಾಯುತ್ತಿರುವವರ ಆರೈಕೆಯ ಮನೆಗೆ, ಹೋಗಿ ಅಲ್ಲಿನ ಕೆಲಸ ಕಲಿತರು. ನ್ಯೂ ಹೇವನ್ನಿಗೆ ಮರಳಿ ಪಾದ್ರಿ, ವೈದ್ಯರೊಡನೆ ಕೂಡಿ ಸಾಯುತ್ತಿರುವ ರೋಗಿಗಳನ್ನೂ ಅವರ ಮನೆಯವರನ್ನೂ ಹತ್ತಿರದಿಂದ ಗಮನಿಸಿದರು. ಅದರ ಫಲವಾಗಿ 1974ರಲ್ಲಿ ಅಮೆರಿಕದ ಮೊದಲ ಹಾಸ್ಪೀಸ್ ಕನೆಕ್ಟಿಕಟ್‌ನಲ್ಲಿ ಕೆಲಸ ಆರಂಭಿಸಿತು, ಮೊದಲಿಗೆ ರೋಗಿಗಳ ಮನೆಗಳಲ್ಲೇ. ಬೆಂಗಳೂರಿನ ಹಾಸ್ಪೀಸ್ ಕರುಣಾಶ್ರಯ ನಡೆಯುತ್ತಿರುವುದೂ ಸಾಂಡರ್ಸ್ ಹಾಕಿಕೊಟ್ಟ ಇದೇ ದಾರಿಯಲ್ಲಿ.

1969ರಲ್ಲಿ ಪದವಿ ಕಾಲೇಜು ಸುಮಾರು 575 ಹೆಣ್ಣುಮಕ್ಕಳನ್ನು ಸೇರಿಸಿಕೊಂಡಾಗ ಪತ್ರಿಕೆಗಳು ಯೇಲ್‌ಗೆ ಹೆಂಗಸರು ಬಂದರು ಎಂದು ಬರೆದವು. ಆಸ್ಪತ್ರೆಯ ಬದಿಯಲ್ಲಿ ಸುಮಾರು ಅರ್ಧ ಶತಮಾನದಿಂದ ಇದ್ದವರು ಆ ಸುದ್ದಿಯಲ್ಲಿ ಇರಲಿಲ್ಲ. 1972ರಿಂದ 1984ರವರೆಗೆ ಡೀನ್ ಆಗಿದ್ದ ಡೊನಾ ಡಯರ್ಸ್ ಅವರ ಕಾಲದಲ್ಲಿ, ನಿಂತುಹೋಗಿದ್ದ ಮೂಲ ಶಿಕ್ಷಣ ಹೊಸ ರೂಪದಲ್ಲಿ ಮರಳಿತು. 1974ರಲ್ಲಿ ಆರಂಭವಾದ ಮೂರು ವರ್ಷದ ಈ ಕೋರ್ಸಿಗೆ ಸಾಹಿತ್ಯ, ಇತಿಹಾಸ, ವಿಜ್ಞಾನ ಹೀಗೆ ಯಾವ ವಿಷಯದಲ್ಲಿ ಪದವಿ ಪಡೆದವರೂ ಸೇರಬಹುದಿತ್ತು. ಅವರು ನರ್ಸ್ ಪ್ರಾಕ್ಟಿಷನರ್ ಆಗಿ ಅಥವಾ ಸೂಲಗಿತ್ತಿ ಕೆಲಸದಲ್ಲಿ ಪರಿಣತ ನರ್ಸ್ ಆಗಿ ಹೊರಬರುತ್ತಿದ್ದರು. ಇಂಥ ನರ್ಸುಗಳು ರೋಗಿಯನ್ನು ಪರೀಕ್ಷಿಸುತ್ತಾರೆ, ಔಷಧ ಬರೆದುಕೊಡುತ್ತಾರೆ. ನರ್ಸಿಂಗ್‌ನಲ್ಲಿ ಡಾಕ್ಟರೇಟ್ ಇಲ್ಲಿಗೆ 1990ರ ದಶಕದಲ್ಲಿ ಬಂತು. 2013ರಲ್ಲಿ ಶಾಲೆ ಊರಾಚೆಯ ವೆಸ್ಟ್ ಕ್ಯಾಂಪಸ್ಸಿಗೆ ಸ್ಥಳಾಂತರಗೊಂಡಿತು. ಈಗ ಅಲ್ಲಿ ಗಂಡಸರೂ ಓದುತ್ತಾರೆ.